15 ಜನ, ಒಂದು ಹಾಲ್, ಸುಳ್ಳು ಹೇಳದ ಅತ್ತೆ: ಮಾಫಿಯಾ ಆಟ ಆಡಿಸುವುದು ಹೇಗೆ?

ವಿದ್ಯಾನಗರದ ಸೊಸೆ ಕೇಳಿದ್ದು:

ನಮಸ್ಕಾರ. ನಮ್ಮದು ದಾವಣಗೆರೆ. ಬರುವ ಭಾನುವಾರ ನಮ್ಮ ಅತ್ತೆಗೆ 70 ತುಂಬುತ್ತದೆ. ಮಧ್ಯಾಹ್ನದ ಊಟ ಆದ ಮೇಲೆ ಎಲ್ಲರೂ ಮೊಬೈಲ್ ಹಿಡಿದು ಮೂಲೆ ಸೇರುವುದು ಬೇಡ ಎಂದು ಏನಾದರೂ ಆಟ ಆಡಿಸುವ ಆಸೆ. ನಾನೂ ಸೇರಿ 15 ಜನ ಇರುತ್ತೇವೆ.

ಹೋದ ದೀಪಾವಳಿಗೆ, ಗುಂಪಿನಲ್ಲಿ ಅಡಗಿದ ಕಳ್ಳರನ್ನು ಹುಡುಕುವ ಮಾಫಿಯಾ ಆಟ ಆಡಿಸಲು ಹೋಗಿ ನಗೆಪಾಟಲಾದೆ. ಆಟದ ಮೊದಲ ರಾತ್ರಿಯೇ ನಮ್ಮ ಭಾವ ಸತ್ತರು. "ನಾನಿನ್ನೂ ಬಾಯೇ ಬಿಟ್ಟಿಲ್ಲ, ಆಗಲೇ ಸತ್ತನಾ?" ಎಂದು ಎದ್ದು ಹೋಗಿ ಟಿವಿ ಹಾಕಿಕೊಂಡರು. ಅವರ ಹಿಂದೆ ಇನ್ನಿಬ್ಬರು ಹೋದರು. ಎರಡನೇ ರಾತ್ರಿ ನಾದಿನಿಯ 8 ವರ್ಷದ ಮಗ ಕಣ್ಣು ಬಿಟ್ಟು "ಅಮ್ಮಾ, ನೀನೇನಾ ಪೊಲೀಸು!" ಎಂದು ಕೂಗಿದ. ಇನ್ನು ನಮ್ಮ ಅತ್ತೆ. ಅವರಿಗೆ ಕಳ್ಳರ ಚೀಟಿ ಬಂದಿತ್ತು. ಓರಗಿತ್ತಿ ಸುಮ್ನೆ ತಮಾಷೆಗೆ "ಅತ್ತೆ, ನೀವು ಕಳ್ಳರಾ?" ಎಂದು ಕೇಳಿದರೆ, "ಹೂನಮ್ಮ, ಚೀಟೀಲಿ ಹಂಗೇ ಬರೆದಿತ್ತು. ಹಬ್ಬದ ದಿನ ಸುಳ್ಳು ಯಾಕೆ ಹೇಳಲಿ?" ಎಂದುಬಿಟ್ಟರು.

ಕಳ್ಳರು ಎಷ್ಟು ಜನ ಇರಬೇಕು? ಸತ್ತವರನ್ನು ಕೂರಿಸಿಕೊಳ್ಳುವುದು ಹೇಗೆ? ಅತ್ತೆಯನ್ನು ಏನು ಮಾಡಲಿ? ಇನ್ನೊಂದು, ಇದು ಮೊಬೈಲ್‌ನ ಅಮಂಗ್ ಅಸ್ ನೋಡಿ ಮಾಡಿದ ಆಟ ಎಂದು ನನ್ನ ಮೈದುನ ವಾದಿಸುತ್ತಾನೆ. ಹೌದಾ?

ಹಾಸ್ಟೆಲ್ ಗಾಡ್ ಉತ್ತರ:

ಅಕ್ಕಾ, ನಿಮ್ಮ ಅತ್ತೆಯವರ ಅಭಿಮಾನಿಯಾಗಿಬಿಟ್ಟೆ.

ಇದೇ ಊರಿನ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಈ ಆಟ ಆಡಿಸಿದ್ದೇನೆ. ಕರೆಂಟ್ ಹೋದರೆ ಮಾಫಿಯಾ, ನಾಳೆ ಪರೀಕ್ಷೆ ಎಂದರೂ ಮಾಫಿಯಾ. ಆಟ ಆಡಿಸುವವನನ್ನು ನಾವು 'ಗಾಡ್' ಎನ್ನುತ್ತಿದ್ದೆವು, ಹೆಸರು ಅಲ್ಲಿಂದ ಬಂದದ್ದು.

ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಕಳ್ಳರು ಯಾರೆಂದು ಕಳ್ಳರಿಗೆ ಮಾತ್ರ ಗೊತ್ತು. ರಾತ್ರಿ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಕಳ್ಳರು ಕಣ್ಣು ಬಿಟ್ಟು, ಸನ್ನೆಯಲ್ಲೇ ಒಬ್ಬರನ್ನು ಮುಗಿಸುತ್ತಾರೆ. ಡಾಕ್ಟರ್ ಒಬ್ಬರನ್ನು ಉಳಿಸಬಹುದು. ಪೊಲೀಸ್ ಒಬ್ಬರತ್ತ ಬೆರಳು ತೋರಿಸಿ, ಕಳ್ಳರೋ ಅಲ್ಲವೋ ಎಂದು ಗಾಡ್‌ನಿಂದ ತಿಳಿದುಕೊಳ್ಳಬಹುದು. ಬೆಳಗಾದರೆ ಪಂಚಾಯಿತಿ, ಕಿತ್ತಾಟ, ಓಟು, ಒಬ್ಬರು ಔಟ್. ಕಳ್ಳರೆಲ್ಲ ಸಿಕ್ಕಿದರೆ ಊರು ಗೆದ್ದಂತೆ. ಉಳಿದವರಲ್ಲಿ ಅರ್ಧ ಜನ ಕಳ್ಳರೇ ಆದರೆ ಕಳ್ಳರು ಗೆದ್ದಂತೆ.

ನೀವು 14 ಜನ ಆಡುತ್ತೀರಿ, ಒಬ್ಬರು ಆಡಿಸುತ್ತೀರಿ. 3 ಕಳ್ಳರು, 1 ಪೊಲೀಸ್, 1 ಡಾಕ್ಟರ್, 9 ಊರವರು ಸಾಕು. ಊರವರು ಪ್ರತಿ ಸಲ ತಪ್ಪು ಆಳನ್ನೇ ಹಿಡಿದರೂ, ಡಾಕ್ಟರ್ ಯಾರನ್ನೂ ಉಳಿಸದಿದ್ದರೂ, ನಾಲ್ಕು ಪಂಚಾಯಿತಿ ಸಿಗುತ್ತವೆ. ಕಳ್ಳರನ್ನು 4 ಮಾಡಿದರೆ ಮೂರೇ. ಜೋರಾಗಿರಲಿ ಎಂದು ಕಳ್ಳರನ್ನು ಜಾಸ್ತಿ ಮಾಡುವವರು ಇಲ್ಲೇ ಎಡವುತ್ತಾರೆ.

ಆದರೆ ನಿಮ್ಮ ಆಟ ಕೆಟ್ಟದ್ದು ಲೆಕ್ಕದಿಂದಲ್ಲ, ನಿಮ್ಮ ಭಾವನಿಂದ. ಬೇಜಾರು ಮಾಡಿಕೊಳ್ಳಬೇಡಿ, ಅವರ ತಪ್ಪಲ್ಲ. ಮೊದಲು ಸತ್ತವನಿಗೆ ಕೆಲಸ ಕೊಡದಿದ್ದರೆ ಯಾವ ಆಟವೂ ನಿಲ್ಲುವುದಿಲ್ಲ. ನಮ್ಮ ಹಾಸ್ಟೆಲ್‌ನಲ್ಲೂ ಮೊದಲ ವರ್ಷ ಹೀಗೇ ಆಗುತ್ತಿತ್ತು. ಸತ್ತವನು ಎದ್ದು ಚಹಾಕ್ಕೆ ಹೋಗುತ್ತಿದ್ದ, ಹಿಂದೆಯೇ ಅರ್ಧ ರೂಮ್ ಖಾಲಿ.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆವು. ಮೊದಲ ರಾತ್ರಿ ಯಾರೂ ಸಾಯುವುದಿಲ್ಲ. ಕಳ್ಳರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಅಷ್ಟೇ. ಹೀಗಾದರೆ ಒಂದು ಪಂಚಾಯಿತಿಯಲ್ಲಾದರೂ ಎಲ್ಲರೂ ಬಾಯಿ ಮಾಡಬಹುದು. ಸತ್ತವರಿಗೆ ಅರ್ಧ ನಿಮಿಷ ಕೊನೆಯ ಮಾತು. ಆಮೇಲೆ ಅವರು ಕಣ್ಣು ಬಿಟ್ಟುಕೊಂಡೇ ರಾತ್ರಿಯನ್ನೆಲ್ಲ ನೋಡಬಹುದು, ಬಾಯಿ ಮಾತ್ರ ಬಿಡುವಂತಿಲ್ಲ. ನಿಜ ಹೇಳಬೇಕೆಂದರೆ ಆಡುವುದಕ್ಕಿಂತ ಇದೇ ಮಜಾ. ಹರಿಶ್ಚಂದ್ರನ ಹಾಗೆ ಮುಖ ಮಾಡಿಕೊಂಡು ಓಡಾಡುವವನು ರಾತ್ರಿ ಯಾರ ಕತ್ತು ತೋರಿಸಿದ ಎಂದು ಕಣ್ಣಾರೆ ಕಂಡವನು ಟಿವಿ ಕಡೆ ಹೋಗುವುದಿಲ್ಲ. ಅವರನ್ನು ಸೋಫಾದ ಹಿಂದೆ ಕೂರಿಸಿ. ಎದುರಿಗಿದ್ದರೆ ಅವರ ನಗು ಎಲ್ಲವನ್ನೂ ಹೇಳಿಬಿಡುತ್ತದೆ. ಒಬ್ಬರಿಗೆ ಮೊಬೈಲ್‌ನಲ್ಲಿ 4 ನಿಮಿಷದ ಟೈಮರ್, ಒಬ್ಬರಿಗೆ ಓಟಿನ ಲೆಕ್ಕ ವಹಿಸಿ.

ಉಳಿದ ಚಿಲ್ಲರೆ ವಿಷಯ. ಚೀಟಿ ಬೇಡ, ಇಸ್ಪೀಟ್ ಎಲೆ ಹಂಚಿ. ಎಕ್ಕ ಬಂದವರು ಕಳ್ಳರು, ರಾಜ ಪೊಲೀಸ್, ರಾಣಿ ಡಾಕ್ಟರ್. ರಾತ್ರಿ ಫ್ಯಾನ್ ಜೋರು ಮಾಡಿ, ಎಲ್ಲರೂ ಮೊಣಕಾಲು ತಟ್ಟುತ್ತಿರಲಿ. ಇಲ್ಲದಿದ್ದರೆ ಬಳೆ ಸದ್ದಿಗೇ ಕಳ್ಳರು ಸಿಕ್ಕಿಬೀಳುತ್ತಾರೆ. ಡಾಕ್ಟರ್ ಔಟ್ ಆಗಿದ್ದರೂ "ಡಾಕ್ಟರ್, ಕಣ್ಣು ಬಿಡಿ" ಎಂದು ಕರೆದು, ಅಷ್ಟೇ ಹೊತ್ತು ಕಾಯಿರಿ. ಓಟು ಒಬ್ಬೊಬ್ಬರಾಗಿ ಬೇಡ, ಒಂದು ಎರಡು ಮೂರು ಎಂದಾಗ ಎಲ್ಲರೂ ಒಟ್ಟಿಗೇ ಬೆರಳು ತೋರಿಸಬೇಕು. ಮನೆಯಲ್ಲಿ ದೊಡ್ಡವರು ತೋರಿಸಿದ ಕಡೆಗೇ ಉಳಿದವರೂ ತೋರಿಸುತ್ತಾರೆ, ಅಲ್ವಾ? ಚಿಕ್ಕ ಹುಡುಗನನ್ನು ಅವನಮ್ಮನ ಜೊತೆ ಸೇರಿಸಿ, ಇಬ್ಬರಿಗೂ ಒಂದೇ ಎಲೆ ಕೊಡಿ. ಆಗ ಎಲೆ 13 ಆಗುತ್ತವೆ, ಊರವರು 8 ಸಾಕು. ನೀವೂ ಆಡಲು ಕೂರಿ.

ಅಂದರೆ ನೀವು ಆಡಿಸಬೇಡಿ. ಅತ್ತೆಯವರೇ ಆಡಿಸಲಿ. ಈ ಆಟದಲ್ಲಿ ಸುಳ್ಳು ಹೇಳುವ ಪಾಳಿ ಎಂದೂ ಬಾರದವರು ಗಾಡ್ ಒಬ್ಬರೇ.

ದುರ್ಗದ ಮೇಷ್ಟ್ರು ಉತ್ತರ:

ಮೇಡಂ, ನಿಮ್ಮ ಮೈದುನನಿಗೆ ಹೇಳಿ, ಅವರು ಹೇಳುತ್ತಿರುವುದು ತಿರುಗುಮುರುಗು. ಅಮಂಗ್ ಅಸ್ ಬಂದದ್ದು 2018ರಲ್ಲಿ, ಮನೆಮಾತಾದದ್ದು 2020ರ ಲಾಕ್‌ಡೌನ್‌ನಲ್ಲಿ. ಅದು ಮಾಫಿಯಾದ ಮರಿ. ಮಾಫಿಯಾ ಹುಟ್ಟಿದ್ದು 1980ರ ದಶಕದಲ್ಲಿ, ಮಾಸ್ಕೋದ ವಿಶ್ವವಿದ್ಯಾಲಯದಲ್ಲಿ. ಕಟ್ಟಿದವರು ಅಲ್ಲಿ ಮನಃಶಾಸ್ತ್ರ ಓದುತ್ತಿದ್ದ ಡಿಮಿಟ್ರಿ ಡೇವಿಡಾಫ್. ವಿಷಯ ತಿಳಿದ ಕೆಲವರು, ಏನೂ ತಿಳಿಯದ ಬಹಳ ಜನ, ಇವರಲ್ಲಿ ಗೆಲ್ಲುವವರು ಯಾರು ಎಂಬುದೇ ಆಟದ ತಿರುಳು. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಕಳ್ಳರ ಬದಲು ಮನುಷ್ಯರೂಪದ ತೋಳಗಳನ್ನು ತಂದು ವೇರ್‌ವುಲ್ಫ್ ಎಂದರು. ಅದೇ ವರ್ಷ ನಿಮ್ಮ ದಾವಣಗೆರೆ ನಮ್ಮನ್ನು ಬಿಟ್ಟು ಬೇರೆ ಜಿಲ್ಲೆಯಾಯಿತು. ಸುಮ್ನೆ ನೆನಪಿಗೆ ಬಂತು!

ಅವರು ತೋಳ ತಂದರೆ ನಾವು ಕೋಟೆ ತರಬಾರದಾ? ನನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಹಾಗೇ ಆಡಿಸಿದೆ. ಏಳು ಸುತ್ತಿನ ಕೋಟೆ, ಕಿಂಡಿಯಿಂದ ನುಸುಳಿ ಬಂದ ಗೂಢಚಾರರು. ಡಾಕ್ಟರ್ ಬದಲು ಕಾವಲುಗಾರ. ಜೊತೆಗೆ ಒಬ್ಬ ಓಬವ್ವ. ಆಟಕ್ಕೆ ಒಂದೇ ಸಲ, ರಾತ್ರಿ ಹೊತ್ತು, ಅವಳು ಒನಕೆ ಎತ್ತಬಹುದು. ಗೂಢಚಾರನಿಗೆ ಬಿದ್ದರೆ ಅವನು ಔಟ್. ತಪ್ಪಿ ನಮ್ಮವರಿಗೇ ಬಿದ್ದರೆ ಇಬ್ಬರೂ ಔಟ್. ಒಂದೇ ತೊಂದರೆ: ಎಲ್ಲರಿಗೂ ಓಬವ್ವನೇ ಆಗಬೇಕು. ಆ ಚೀಟಿ ಬಂದ ಹುಡುಗ ಎದೆ ಉಬ್ಬಿಸಿ ಕೂತ, ಮೊದಲ ರಾತ್ರಿಯೇ ಗೂಢಚಾರರು ಅವನನ್ನು ಮುಗಿಸಿದರು.

ಹಳೇ ಪೇಟೆಯವನು ಉತ್ತರ:

ಎಲ್ಲ ಸರಿ, ಆಣೆ ಪ್ರಮಾಣದ ವಿಷಯ ಯಾರೂ ಹೇಳಲೇ ಇಲ್ಲ. ನಮ್ಮ ನೆಂಟರ ಮನೆಯಲ್ಲಿ ಒಬ್ಬರು "ನನ್ನ ಮಗನಾಣೆಗೂ ನಾನು ಕಳ್ಳ ಅಲ್ಲ" ಎಂದರು. ಎಲೆ ತಿರುಗಿಸಿದರೆ ಎಕ್ಕ! ಅವರ ಹೆಂಡತಿ ಒಂದು ವಾರ ಮಾತು ಬಿಟ್ಟಿದ್ದರು. ಆಣೆ ಇಡುವಂತಿಲ್ಲ, ಎಲೆ ತೋರಿಸುವಂತಿಲ್ಲ, ಹಳೇ ಸಾಲದ ವಿಷಯ ಎತ್ತುವಂತಿಲ್ಲ ಎಂದು ಮೊದಲೇ ಹೇಳಿಬಿಡಿ.

ವಿದ್ಯಾನಗರದ ಸೊಸೆ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಎರಡು ಆಟ ಆಯಿತು. ಮೂರನೆಯದು ಬೇಕೆಂದು ಗಲಾಟೆ ಎದ್ದಿತು, ಅಷ್ಟರಲ್ಲಿ ಮಿರ್ಚಿ ಮಂಡಕ್ಕಿ ಬಂತು.

ಅತ್ತೆ ಮೊದಲು ಒಪ್ಪಲಿಲ್ಲ. "ನಮ್ಮ ರಾಜ ರಾಣಿ ಕಳ್ಳ ಪೊಲೀಸ್ ಚೀಟಿ ಆಟದಂಗೇ, ನೀವು ಬರೀ ಹೇಳೋದು" ಎಂದ ಮೇಲೆ ಕೂತರು. ಆದರೆ ಒಂದು ಷರತ್ತು ಹಾಕಿದರು. ಹುಟ್ಟುಹಬ್ಬದ ಮನೆಯಲ್ಲಿ ಸತ್ತರು ಗಿತ್ತರು ಎನ್ನಬಾರದು. ಹಾಗಾಗಿ ನಮ್ಮ ಕಳ್ಳರು ಯಾರನ್ನೂ ಕೊಲ್ಲಲಿಲ್ಲ, ರಾತ್ರೋರಾತ್ರಿ ಹರಿಹರದ ಬಸ್ ಹತ್ತಿಸಿದರು. "ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ಓರಗಿತ್ತಿಯ ಒಂದು ಚಪ್ಪಲಿ ಸಿಕ್ಕಿತು, ಇನ್ನೊಂದು ಹರಿಹರದಲ್ಲೈತಂತೆ" ಎಂದು ಅತ್ತೆ ರಾಗವಾಗಿ ಹೇಳುತ್ತಿದ್ದರೆ, ಕಣ್ಣು ಮುಚ್ಚಿದವರೆಲ್ಲ ನಕ್ಕು ನಕ್ಕು ಕಣ್ಣು ಬಿಟ್ಟೆವು. ಡಾಕ್ಟರ್ ಬದಲು ಕಂಡಕ್ಟರ್, ಸೀಟಿ ಊದಿ ಇಳಿಸಿಕೊಳ್ಳುವವನು.

ಮೊದಲ ಆಟದಲ್ಲಿ ನನ್ನ ಮೈದುನನೇ ಕಳ್ಳ, ಕೊನೆಯ ತನಕ ಸಿಗಲಿಲ್ಲ. ಭಾವ ಎರಡನೇ ರಾತ್ರಿಯೇ ಬಸ್ ಹತ್ತಿದರು, ಟೈಮರ್ ಅವರ ಕೈಗೆ ಕೊಟ್ಟೆವು. ಎರಡನೇ ಆಟಕ್ಕೆ ಎಲೆ ಹಂಚುವಾಗ, "ನನಗೆ ಎಲೆ ಬೇಡ, ನಾನು ಹರಿಹರದಲ್ಲೇ ಇರ್ತೀನಿ" ಎಂದು ತಾವಾಗೇ ಸೋಫಾ ಹಿಂದೆ ಹೋಗಿ ಕೂತರು.