ಬ್ರಿಟಿಷರ ಕಾಲದ ಕತೆಗಳಲ್ಲಿ ‘ಬೇರೆಯವರು’: ತರಗತಿಯಲ್ಲಿ ಯಾವ ಕತೆಯಿಂದ ಶುರು ಮಾಡುತ್ತೀರಿ?

ತುಮಕೂರಿನಿಂದ ಪ್ರಶ್ನೆ: ಪದವಿ ಮಕ್ಕಳಿಗೆ ಬ್ರಿಟಿಷರ ಕಾಲದ ಸಣ್ಣ ಕತೆಗಳ ಪಾಠ ಇದೆ. ಬೇರೆ ಜನ, ಬೇರೆ ಸಂಸ್ಕೃತಿಯನ್ನು ಆ ಕತೆಗಳು ಹೇಗೆ ನೋಡುತ್ತವೆ ಅನ್ನುವುದು ವಿಷಯ. ಮಕ್ಕಳು ಬಿಳಿಯರು ಕೆಟ್ಟವರು, ನಮ್ಮವರು ಒಳ್ಳೆಯವರು ಅಂತ ಬರೆದು ಮುಗಿಸಿಬಿಡುತ್ತಾರೆ. ಪಾಠ ಮಾಡಿದವರು ನಿಮ್ಮ ಅನುಭವ ಹೇಳಿ.

ಕೋಲಾರದಿಂದ: ಮೇಡಂ, ಸಿದ್ಧಾಂತ ಆಮೇಲೆ ಇರಲಿ. ಮೊದಲು ಇಂಗ್ಲಿಷ್ ಲೇಖಕ ಕಿಪ್ಲಿಂಗ್‌ನ ‘ಲಿಸ್ಪೆತ್’ ಓದಿಸಿ. 1886ರ ಕತೆ, ಕೆಲವೇ ಪುಟ. ಶಿಮ್ಲಾ ಕಡೆಯ ಕೋಟ್‌ಗಢದಲ್ಲಿ ಒಂದು ವರ್ಷ ಬೆಳೆ ಕೈಕೊಡುತ್ತದೆ, ಬಡ ದಂಪತಿ ಕ್ರೈಸ್ತರಾಗುತ್ತಾರೆ. ಅವರು ಕಾಲರಾದಲ್ಲಿ ತೀರಿಕೊಂಡ ಮೇಲೆ ಮಗಳು ಲಿಸ್ಪೆತ್ ಪಾದ್ರಿಯ ಮನೆಯಲ್ಲಿ ಬೆಳೆಯುತ್ತಾಳೆ, ಅರ್ಧ ಕೆಲಸದವಳು, ಅರ್ಧ ಜೊತೆಗಾತಿ. ದಾರಿಯಲ್ಲಿ ಪೆಟ್ಟಾಗಿ ಬಿದ್ದಿದ್ದ ಇಂಗ್ಲಿಷಿನವನನ್ನು ಹೊತ್ತು ತಂದು, ಇವನನ್ನೇ ಮದುವೆ ಆಗುತ್ತೇನೆ ಅನ್ನುತ್ತಾಳೆ. ವಾಪಸ್ ಬಂದು ಮದುವೆ ಆಗುತ್ತೇನೆ ಅಂತ ಹೇಳಿ ಹೊರಟುಬಿಡು ಅಂತ ಅವನಿಗೆ ಹೇಳಿಕೊಡುವುದು ಪಾದ್ರಿಯ ಹೆಂಡತಿ. ಹುಡುಗಿ ತಿಂಗಳುಗಟ್ಟಲೆ ಕಾಯುತ್ತಾಳೆ. ನಿಜ ತಿಳಿದಾಗ, ಇಂಗ್ಲಿಷಿನವರೆಲ್ಲ ಸುಳ್ಳರು ಅಂತ ಮುಖಕ್ಕೇ ಹೇಳಿ ತನ್ನ ಜನರ ಹತ್ತಿರ ಹೋಗಿಬಿಡುತ್ತಾಳೆ. ಆಗ ಆ ಹೆಂಗಸು, ಇವಳು ಮನಸ್ಸಿನಲ್ಲಿ ಎಂದೂ ಕ್ರೈಸ್ತಳಾಗಿರಲೇ ಇಲ್ಲ ಅನ್ನುತ್ತಾಳೆ. ಇಲ್ಲಿ ನಿಲ್ಲಿಸಿ. ಸುಳ್ಳು ಹೇಳಿಸಿದ್ದು ಯಾರು, ತಪ್ಪು ಹೋಗಿ ಅಂಟಿಕೊಂಡಿದ್ದು ಯಾರ ಹುಟ್ಟಿಗೆ ಅಂತ ಕೇಳಿ.

ಇನ್ನೊಂದು ಜಾಗ ಇದೆ. ಕಂಡ ಕೂಡಲೇ ಮನಸ್ಸು ಕೊಡುವಂಥ ಪೂರ್ವದವರ ಅನಾಗರಿಕ ಗುಣ ಹೋಗಬೇಕಾದರೆ ತುಂಬಾ ಕ್ರೈಸ್ತಧರ್ಮ ಬೇಕು ಅನ್ನುವ ಅರ್ಥದ ಮಾತು ಕತೆ ಹೇಳುವವನ ಬಾಯಲ್ಲೇ ಬರುತ್ತದೆ. ಅದು ಪಾದ್ರಿ ಮನೆಯವರನ್ನು ಗೇಲಿ ಮಾಡಿದ್ದಾ, ಅವನದೇ ನಂಬಿಕೆಯಾ? ನಮ್ಮಲ್ಲಿ ಒಂದು ಪೀರಿಯಡ್ ಪೂರ್ತಿ ಇದರಲ್ಲೇ ಹೋಯಿತು, ಜಗಳವೇ ಆಯಿತು. ಕಿಪ್ಲಿಂಗ್ ಸಾಮ್ರಾಜ್ಯದ ಪರ ಇದ್ದವನು, ನಿಜ. ಆದರೂ ಈ ಕತೆಯಲ್ಲಿ ಅವನ ಸಿಟ್ಟು ಪಾದ್ರಿ ಮನೆಯ ಮೇಲಿದೆ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವುದು ಕಷ್ಟ, ಆ ಕಷ್ಟವೇ ಪಾಠ ಅಲ್ವಾ? ಕೆಜಿಎಫ್ ಕಡೆಯ ಮಕ್ಕಳಿಗೆ ಇದು ಬೇಗ ತಟ್ಟುತ್ತದೆ. ತಾತ ಗಣಿಗೆ ಇಳಿದವರು, ಮನೆ ಕೂಲಿಕಾರರ ಲೈನಿನಲ್ಲಿ, ದೊರೆಗಳ ಬಂಗಲೆ ಬೇರೆ ಕಡೆ. ಯಾರು ಯಾರ ಮನೆಗೆ ಯಾವ ಬಾಗಿಲಿನಿಂದ ಹೋಗುತ್ತಿದ್ದರು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಚಿಂತಾಮಣಿಯಿಂದ: ಬಿಳಿಯರೇ ಇಲ್ಲದ ಕತೆಯನ್ನೂ ಒಂದು ಇಟ್ಟುಕೊಳ್ಳಿ. ಟಾಗೋರರ ‘ಕಾಬುಲಿವಾಲಾ’, 1892ರದು. ಕಾಬೂಲಿನಿಂದ ಬಂದು ಒಣಹಣ್ಣು ಮಾರುವ ರಹಮತ್ ಮಗುವನ್ನು ಎತ್ತಿಕೊಂಡು ಹೋಗಿಬಿಟ್ಟರೆ ಅಂತ ಮಿನಿಯ ತಾಯಿಗೆ ಭಯ. ಅಪ್ಪ ನಕ್ಕುಬಿಡುತ್ತಾನೆ. ಆದರೆ ರಹಮತ್ ಜೈಲಿನಿಂದ ಬಂದು ಮಿನಿಯ ಮದುವೆ ದಿನ ಬಾಗಿಲಲ್ಲಿ ನಿಂತಾಗ ಅದೇ ಅಪ್ಪ, ಇವತ್ತು ಆಗಲ್ಲ, ಇನ್ನೊಂದು ದಿನ ಬಾ ಅಂತ ಸಾಗಹಾಕಲು ನೋಡುತ್ತಾನೆ. ಆಮೇಲೆ ಆ ಮಾಸಿದ ಕಾಗದ ಹೊರಗೆ ಬರುತ್ತದೆ, ದೂರದ ಮಗಳ ಪುಟ್ಟ ಕೈಯನ್ನು ಮಸಿಯಲ್ಲಿ ಒತ್ತಿದ್ದು. ಅಲ್ಲಿಗೆ ಎಲ್ಲರ ಕಣ್ಣೂ ಒದ್ದೆ. ಅಳು ನಿಂತ ಮೇಲೆ ನಾನು ಕೇಳುವುದು ಇಷ್ಟೇ: ಆ ಕಾಗದ ಅವನ ಹತ್ತಿರ ಇಲ್ಲದೇ ಹೋಗಿದ್ದರೆ? ನಮ್ಮ ಹಾಗೇ ಅಪ್ಪ ಅಂತ ತೋರಿಸಿಕೊಟ್ಟರೆ ಮಾತ್ರ ಅವನು ಮನುಷ್ಯನಾ?

ಮಾಲೂರಿನಿಂದ: ನಮ್ಮ ತಾಲೂಕಿನ ಮಾಸ್ತಿಯವರನ್ನು ಯಾಕೆ ಬಿಟ್ಟಿರಿ? ಹೊಸಹಳ್ಳಿ ರಂಗನ ಮದುವೆಯ ಕತೆ ಸೇರಿಸಿ, ಆದರೆ ಕೊನೆಯಲ್ಲಿ. ಇಂಗ್ಲೆಂಡಿನ ಸಾಹೇಬರ ಭೂಗೋಳದಲ್ಲಿ ನಮ್ಮ ಊರೇ ಇಲ್ಲ ಅನ್ನುವ ದೂರಿನಿಂದ ಶುರುವಾಗುವ ಕತೆ ಅದು. ಬೆಂಗಳೂರಿಗೆ ಓದಲು ಹೋದ ರಂಗ ವಾಪಸ್ ಬಂದಾಗ ಊರೇ ನೋಡಲು ಬರುತ್ತದೆ. ಒಬ್ಬ ಮುದುಕಿ ಅವನ ಎದೆ ಸವರುತ್ತಾಳೆ. ಜನಿವಾರ ಇದೆ, ಸದ್ಯ, ಜಾತಿ ಕೆಟ್ಟಿಲ್ಲ. ಓದುವಾಗ ಎಲ್ಲರೂ ನಗುತ್ತಾರೆ, ನಗಲಿ, ಅದು ನಗಿಸುವ ಕತೆಯೇ. ನಕ್ಕ ಮೇಲೆ ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: ಸರ್, ಜನಿವಾರ ಇಲ್ಲದವರು ಆವತ್ತು ಆ ಅಂಗಳದಲ್ಲಿ ಎಲ್ಲಿ ನಿಂತಿದ್ದರು? ಈ ಪ್ರಶ್ನೆಗೆ ಸಮಯ ಇಟ್ಟುಕೊಳ್ಳಿ ಮೇಡಂ, ಗಂಟೆ ಹೊಡೆಯುವ ಹೊತ್ತಿಗೆ ಬಂದರೆ ಸುಮ್ನೆ ವೇಸ್ಟ್ ಆಗುತ್ತದೆ.