‘ಅಣು ಸುರಕ್ಷತಾ ಕ್ರಮ’ ಅನ್ನೋದ್ರಲ್ಲಿ ‘ಸುರಕ್ಷತೆ’ ಸರಿಯಾದ ಪದಾನಾ?

ಎಲ್ರಿಗೂ ನಮಸ್ಕಾರ. ಮೊನ್ನೆ ಚಿಂತಾಮಣಿಲಿ ನಮ್ಮಕ್ಕನ ಮಗ ಪೇಪರ್ ಓದ್ತಾ ಕೂತಿದ್ದೋನು “ಮಾವ, ಅಮೆರಿಕ ಮತ್ತೆ ಬೇರೆ ದೇಶಗಳು ಇರಾನ್ ಜೊತೆ 2015ರಲ್ಲಿ ಮಾಡ್ಕೊಂಡ ಅಣು ಒಪ್ಪಂದದಲ್ಲಿ ಸುರಕ್ಷತಾ ಕ್ರಮ ಅಂತಿದ್ಯಲ್ಲ, ರಿಯಾಕ್ಟರ್ ಸಿಡೀದಂಗೆ ನೋಡ್ಕೊಳ್ಳೋದಾ ಅದು?” ಅಂದ. ಅಲ್ಲ ಕಣೋ ಅಂದೆ, ಮತ್ತೇನು ಅಂತ ಒಂದು ಪದದಲ್ಲಿ ಹೇಳೋಕೆ ಬರ್ಲಿಲ್ಲ. ಇಂಗ್ಲಿಷಿನ ‘ಸೇಫ್‌ಗಾರ್ಡ್ಸ್’ ಅನ್ನೋದನ್ನ ಕನ್ನಡದಲ್ಲಿ ಹಿಂಗೆ ‘ಸುರಕ್ಷತಾ ಕ್ರಮ’ ಅಂತ ಮಾಡಿರೋದು.

ಸೇಫ್ಟಿ ಅಂದ್ರೆ ಅಪಘಾತ ಆಗ್ದಂಗೆ, ಸೆಕ್ಯೂರಿಟಿ ಅಂದ್ರೆ ಹೊರಗಿನ ಕಳ್ಳರು ನುಗ್ಗದಂಗೆ. ಸೇಫ್‌ಗಾರ್ಡ್ಸ್ ಅಂದ್ರೆ ಮನೆ ಯಜಮಾನನೇ ಕರೆಂಟಿಗಿಟ್ಟ ಯುರೇನಿಯಂನ ಬಾಂಬಿನ ಕಡೆ ತಿರುಗಿಸ್ದಂಗೆ ಬೇರೆಯವ್ರು ಲೆಕ್ಕ ಇಡೋದು. ನಮ್ಮನೆ ಮೀಟರಿಗೆ ಸೀಲ್ ಹಾಕಿರ್ತಾರಲ್ಲ, ಅದು ಶಾಕ್ ಹೊಡೀದಿರ್ಲಿ ಅಂತಲ್ಲ, ಒಳಗೆ ಕೈ ಹಾಕಿದ್ರೆ ಗೊತ್ತಾಗ್ಲಿ ಅಂತ. ಇನ್ನೂ ಹತ್ರದ ಉದಾಹರಣೆ ಬೇಕಂದ್ರೆ ನಮ್ಮ ಕೈಗಾ ಅಣು ವಿದ್ಯುತ್ ಸ್ಥಾವರ, ಅಲ್ಲಿ ಸೇಫ್ಟಿನೂ ಇದೆ ಸೆಕ್ಯೂರಿಟಿನೂ ಇದೆ, ಆದ್ರೆ 2008ರ ಭಾರತ-ಅಮೆರಿಕ ಒಪ್ಪಂದ ಆದಾಗ ಭಾರತ ಐಎಇಎ (ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ) ಸೇಫ್‌ಗಾರ್ಡ್ಸ್‌ಗೆ ಕೊಟ್ಟ ರಿಯಾಕ್ಟರುಗಳ ಪಟ್ಟಿಲಿ ಕೈಗಾ ಇಲ್ಲ. ಇದನ್ನ “ಕೈಗಾ ಸುರಕ್ಷತಾ ವ್ಯಾಪ್ತಿಗೆ ಬರಲ್ಲ” ಅಂತ ಬರೆದ್ರೆ ಕಾರವಾರದ ಜನ ಗಾಬರಿ ಬೀಳ್ತಾರೆ.

ಪದ ಕೆಟ್ರೆ ಒಪ್ಪಂದಾನೂ ತಪ್ಪಾಗಿ ಕಾಣುತ್ತೆ, ನಂಗೆ ಸಂಕಟ ಆಗೋದು ಅಲ್ಲೇ. “ಇರಾನ್ ಮಾತು ನಂಬಿ ಮೋಸ ಹೋದ್ರು” ಅಂತಾರೆ. ನಂಬಿರ್ಲಿಲ್ಲ ಸ್ವಾಮಿ, ಅದಕ್ಕೇ ಸೀಲು, ಕ್ಯಾಮೆರಾ, ದಿನಾ ಇನ್ಸ್‌ಪೆಕ್ಟರು. ಡೈರಿಲಿ ಫ್ಯಾಟ್ ಎಷ್ಟು ಬಂತು ಅಂತ ನೋಡ್ತೀವಲ್ಲ ಹಂಗೇ ಯುರೇನಿಯಂನಲ್ಲಿ ಕರೆಂಟಿಗೂ ಬಾಂಬಿಗೂ ಬೇಕಾದ ಯುರೇನಿಯಂ-235 ಅನ್ನೋ ಭಾಗ ಎಷ್ಟು ಪರ್ಸೆಂಟು ಅಂತ, ನೆಲದಿಂದ ತೆಗೆದಾಗ 0.7, ಒಪ್ಪಂದದ ಮಿತಿ 3.67, ಬಾಂಬಿಗೆ ಸುಮಾರು 90, ಸ್ಟಾಕು 300 ಕೆಜಿ ದಾಟಂಗಿರ್ಲಿಲ್ಲ. ತಕರಾರಿರೋ ಜಾಗನ ಇನ್ಸ್‌ಪೆಕ್ಟರು ನೋಡೋದನ್ನ ಇರಾನ್ 24 ದಿನದವರೆಗೂ ಎಳೀಬಹುದಿತ್ತು, ಅಷ್ಟರಲ್ಲಿ ಬಚ್ಚಿಡ್ತಾರೆ ಅನ್ನೋ ಆಕ್ಷೇಪ ಇತ್ತು, ಆದ್ರೆ 2003ರಲ್ಲಿ ತೆಹ್ರಾನಿನ ಕಲಾಯೆ ಎಲೆಕ್ಟ್ರಿಕ್ ಅನ್ನೋ ಕಡೆ ಇನ್ಸ್‌ಪೆಕ್ಟರನ್ನ ತಿಂಗಳುಗಟ್ಟಲೆ ಒಳಗೆ ಬಿಡದೆ ಕಟ್ಟಡಾನೇ ರಿಪೇರಿ ಮಾಡಿದ್ರೂ ಬಟ್ಟೆಲಿ ಒರೆಸಿ ತಂದ ಧೂಳಲ್ಲಿ ಯುರೇನಿಯಂ ಸಿಕ್ತು. ಕೆಲವು ಮಿತಿಗಳು 10-15 ವರ್ಷಕ್ಕೇ ಮುಗೀತಿದ್ವು ಅನ್ನೋ ಟೀಕೆ ಮಾತ್ರ ನ್ಯಾಯಾನೇ. ಅದಕ್ಕೆ ಒಪ್ಪಂದ ಮುಂದುವರೆಸ್ಬೇಕಿತ್ತು, ಹರೀಬಾರ್ದಿತ್ತು. 2018ರ ಮೇನಲ್ಲಿ ಅಮೆರಿಕ ಹೊರಗೆ ಬಂತು, ಅಲ್ಲೀತನಕ ಇರಾನ್ ಮಿತಿಯೊಳಗೇ ಇದೆ ಅಂತ ಐಎಇಎ ಮತ್ತೆ ಮತ್ತೆ ವರದಿ ಕೊಟ್ಟಿತ್ತು. ಆಮೇಲೆ ಇರಾನ್ 2021ಕ್ಕೆ 60 ಪರ್ಸೆಂಟ್ ಮುಟ್ತು, 2022ರ ಜೂನಲ್ಲಿ ಐಎಇಎದ 27 ಕ್ಯಾಮೆರಾ ಕಿತ್ತಾಕಿಸ್ತು.

ಈಗ ಪದ. ‘ರಕ್ಷಣೋಪಾಯ’ ಅಂದ್ರೂ ಅದೇ ತೊಂದ್ರೆ, ಯಾರಿಂದ ಯಾರಿಗೆ ರಕ್ಷಣೆ ಅಂತ ತಿಳಿಯಲ್ಲ. ನಂಗೆ ಹೊಳೆದಿದ್ದು ‘ನಿಗಾ’. ನಿಗಾ ಇಡೋದು ಅಂದ್ರೆ ಹಳ್ಳೀಲೂ ಗೊತ್ತು, ಅದು ಪಾರ್ಸಿಯ ನಿಗಾಹ್‌ನಿಂದ ಬಂದಿದ್ದು, ಸೀಲಿಗೆ ನಾವನ್ನೋ ‘ಮೊಹರು’ ಕೂಡ ಪಾರ್ಸಿದೇ, ಇರಾನಿನವರ ನುಡೀಲೇ ಈ ಎರಡೂ ಇದ್ದಿದ್ದು ನೋಡಿ ಖುಷಿಯಾಯ್ತು. ವೆರಿಫಿಕೇಶನ್ನಿಗೆ ‘ತಾಳೆ ನೋಡೋದು’ ಸಾಕು, ಮಂಡೀಲಿ ಸ್ಟಾಕು ತಾಳೆ ನೋಡ್ತಾರಲ್ಲ ಹಂಗೆ. ಆದ್ರೆ ‘ನಿಗಾ’ದಲ್ಲಿ ಕಣ್ಣಿದೆ, ಲೆಕ್ಕ ಇಲ್ಲ. ‘ನಿಗಾ-ತಾಳೆ’ ಅಂತ ಜೋಡಿಸಿದ್ರೆ ಕಿವಿಗೆ ಒಗ್ಗುತ್ತಾ, ಇಲ್ಲಾ ಹಳೇ ಕಂದಾಯದ ಕಡತಗಳಲ್ಲಿ ಎರಡೂ ಅರ್ಥ ಹೊರೋ ಒಂದೇ ಪದ ಯಾರಾದ್ರೂ ನೋಡಿದ್ದೀರಾ?