‘ಒತ್ತಡ 80’ ಅಂದರೆ ಬಿಪಿಯೋ, ಟೆನ್ಷನ್ನೋ?

ಗೆಳೆಯರೇ, ಒಂದೆರಡು ಪದ ಬೇಕಾಗಿವೆ. ಆರೋಗ್ಯ ನೋಡುವ ವಾಚು, ಉಂಗುರ, ಫೋನು ಇಟ್ಟುಕೊಂಡಿರುವ ಹಿರಿಯರಿಗೆಂದು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಸೆನ್ಸರ್‌ಗೆ ‘ಸಂವೇದಕ’ ಅನ್ನಬೇಕೋ ಬೇಡವೋ ಅನ್ನುವ ಹಳೇ ಜಗಳ ನನಗೆ ಬೇಡ. ಸೆನ್ಸರ್ ಅಂತಲೇ ಬರೆಯುತ್ತೇನೆ, ಅಚ್ಚಿನಲ್ಲಿ ಅದು ‘ಸೆನ್ಸಾರ್’ ಆಗಿ ಸಿನಿಮಾ ಕಡೆ ಹೋಗದಿದ್ದರೆ ಸಾಕು. ನಾನು ಸಿಕ್ಕಿಹಾಕಿಕೊಂಡಿರುವುದು ‘ಒತ್ತಡ’ದಲ್ಲಿ.

ರಕ್ತದೊತ್ತಡಕ್ಕೂ ಒತ್ತಡ, ತಲೆಬಿಸಿಗೂ ಒತ್ತಡ. ಮಾತಿನಲ್ಲಿ ಇದರಿಂದ ತೊಂದರೆ ಇಲ್ಲ. ‘ಕೆಲಸದ ಒತ್ತಡ’ ಅಂದರೆ ಯಾರೂ ಬಿಪಿ ಅಂದುಕೊಳ್ಳುವುದಿಲ್ಲ, ಅಲ್ವಾ. ಆದರೆ ವಾಚಿನ ಮುಖದ ಮೇಲೆ ಒಂದು ಪದಕ್ಕಷ್ಟೇ ಜಾಗ. ಅಲ್ಲಿ ‘ಒತ್ತಡ 80’ ಅಂತ ಬಂತು ಅಂದುಕೊಳ್ಳಿ. ಗಾರ್ಮಿನ್ ವಾಚುಗಳು ಒತ್ತಡಕ್ಕೆ 0ಯಿಂದ 100ರವರೆಗೆ ಅಂಕ ಕೊಡುತ್ತವೆ. 25ರ ಒಳಗಿದ್ದರೆ ವಿಶ್ರಾಂತಿ, 75 ದಾಟಿದರೆ ಜಾಸ್ತಿ. ಆ ಲೆಕ್ಕದಲ್ಲಿ 80 ಜಾಸ್ತಿಯೇ. ಆದರೆ ‘ನೂರಿಪ್ಪತ್ತು ಬೈ ಎಂಬತ್ತು’ ಕೇಳಿ ಕೇಳಿ ಪಳಗಿದ ಕಿವಿಗೆ 80 ಅಂದರೆ ಕೆಳಗಿನ ಬಿಪಿ, ಸರಿಯಾಗೇ ಇದೆ ಬಿಡು ಅನ್ನಿಸುತ್ತದೆ. ಇದು ತಿರುಗುಮುರುಗೂ ಆಗುತ್ತದೆ. ನಮ್ಮ ದೊಡ್ಡಮ್ಮ ಫೋನಿನಲ್ಲಿ ‘ನಿಮ್ಮ ಒತ್ತಡ ಹೆಚ್ಚಾಗಿದೆ’ ಎಂದು ಓದಿ, “ಬಿಪಿ ಮಾತ್ರೆ ಇನ್ನರ್ಧ ತಗೊಳ್ಳಲೇನೋ?” ಅಂತ ಕೇಳಿದರು. ಕೇಳಿದ್ದು ಒಳ್ಳೆಯದಾಯಿತು.

ಮುಂದೆ ಇದು ಇನ್ನೂ ಕಷ್ಟವಾಗಲಿದೆ. 2023ರ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಡಿಸ್‌ಪ್ಲೇ ಮೇಳದಲ್ಲಿ ಸ್ಯಾಮ್‌ಸಂಗ್ ಡಿಸ್‌ಪ್ಲೇ ಕಂಪನಿ ಒಂದು ಪರದೆ ತೋರಿಸಿತು. ಹೆಸರು ಸೆನ್ಸರ್ ಓಎಲ್‌ಇಡಿ. ಬೆಳಕು ಹಿಡಿಯುವ ಕಣಗಳನ್ನು ಪರದೆಯೊಳಗೇ ಸೇರಿಸಿದ್ದಾರೆ. ಎರಡೂ ಕೈಯ ಬೆರಳನ್ನು ಒಟ್ಟಿಗೆ ಇಟ್ಟರೆ ಬಿಪಿ, ಹೃದಯ ಬಡಿತ, ಮನಸ್ಸಿನ ಒತ್ತಡ ಮೂರನ್ನೂ ಹೇಳುತ್ತದೆ ಎಂಬುದು ಅವರ ಮಾತು. ಈಗ ಇದನ್ನು ಕನ್ನಡದಲ್ಲಿ ಬರೆಯಿರಿ: ‘ಪರದೆಯನ್ನು ಒತ್ತಿದರೆ ರಕ್ತದೊತ್ತಡ ಮತ್ತು ಒತ್ತಡ ತಿಳಿಯುತ್ತದೆ’. ಒಂದೇ ಸಾಲಿನಲ್ಲಿ ಮೂರು ಒತ್ತು! ಅದೂ ಅಲ್ಲದೆ ‘ಒತ್ತಿ’ ಅಂತ ಬರೆಯುವುದೇ ತಪ್ಪು. ಬೆರಳನ್ನು ಜೋರಾಗಿ ಒತ್ತಿದರೆ ತುದಿಯ ರಕ್ತ ಸರಿದುಹೋಗಿ ಲೆಕ್ಕ ಕೆಡುತ್ತದೆ. ‘ಬೆರಳು ಇಡಿ’ ಅಂದರೆ ಸಾಕು.

ರಕ್ತದೊತ್ತಡವನ್ನು ‘ಬಿಪಿ’ ಎಂದೇ ಬರೆದು ‘ಒತ್ತಡ’ವನ್ನು ಇನ್ನೊಂದಕ್ಕೆ ಬಿಟ್ಟುಬಿಡೋಣ ಅಂದುಕೊಂಡೆ. ಬಿಪಿ ಎಲ್ಲರ ಬಾಯಲ್ಲೂ ಇದೆ. ಆದರೆ ನಮ್ಮಲ್ಲಿ ‘ಬಿಪಿ’ ಅಂದರೆ ಅಳತೆಯಲ್ಲ, ಕಾಯಿಲೆ. ‘ಅವರಿಗೆ ಬಿಪಿ ಇದೆ, ನನಗಿಲ್ಲ’ ಅನ್ನುತ್ತೇವೆ. ಬಿಪಿ ಇಲ್ಲದ ಮನುಷ್ಯ ಬದುಕಿರುವುದು ಹೇಗೆ? ಮೇಲಿಂದ ‘ಸುಮ್ನೆ ಬಿಪಿ ಏರಿಸ್ಬೇಡ’ ಅಂದರೆ ಸಿಟ್ಟು. ಹಾಗಿದ್ದರೂ ಇದು ಪರವಾಗಿಲ್ಲ, ಪಕ್ಕದಲ್ಲಿ 120/80 ಎಂಬ ಎರಡು ಅಂಕಿ ಇದ್ದರೆ ಯಾರಿಗೂ ಗೊಂದಲವಾಗದು.

ಇನ್ನೊಂದಕ್ಕೇ ಪದ ಸಿಗುತ್ತಿಲ್ಲ. ‘ಮಾನಸಿಕ ಒತ್ತಡ’ ಅನ್ನೋಣ ಅಂದರೆ ಅದು ಪೂರ್ತಿ ಸರಿಯಲ್ಲ. ಜ್ವರ ಬಂದಾಗ, ನಿದ್ದೆಗೆಟ್ಟಾಗ, ರಾತ್ರಿ ಎರಡು ಪೆಗ್ ಏರಿಸಿದಾಗಲೂ ಆ ಅಂಕ ಏರುತ್ತದೆ, ಮನಸ್ಸು ಎಷ್ಟೇ ಖುಷಿಯಾಗಿದ್ದರೂ. ‘ಟೆನ್ಷನ್’ಗೂ ಇದೇ ತೊಂದರೆ. ‘ಆತಂಕ’ ಬೇರೆಯೇ. ‘ದಣಿವು’ ನನಗೆ ಹತ್ತಿರ ಅನ್ನಿಸಿತು, ಆದರೆ ಪರೀಕ್ಷೆಯ ಹಿಂದಿನ ದಿನ ಹುಡುಗನಿಗೆ ಇರುವುದನ್ನು ದಣಿವು ಅನ್ನಲಾದೀತೇ?

ಈ ಅಂಕ ಎಲ್ಲಿಂದ ಬರುತ್ತದೆ ಅಂತ ನೋಡಲು ಹೋದರೆ ಇನ್ನೊಂದು ಗಂಟು. ವಾಚನ್ನು ಬಿಚ್ಚಿ ತಿರುಗಿಸಿದರೆ ಬೆನ್ನಿನಲ್ಲಿ ಹಸಿರು ದೀಪ ಪಟಪಟ ಮಿನುಗುವುದು ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹೃದಯ ಬಡಿದಾಗ ಮಣಿಕಟ್ಟಿನ ಸಣ್ಣ ನಾಳಗಳಿಗೆ ರಕ್ತ ನುಗ್ಗುತ್ತದೆ, ಆಗ ವಾಪಸು ಬರುವ ಬೆಳಕು ಕಮ್ಮಿ. ರಕ್ತ ಸರಿದ ಮೇಲೆ ಜಾಸ್ತಿ. ಇದನ್ನು ಎಣಿಸಿದರೆ ನಾಡಿ. ಒಂದು ಬಡಿತಕ್ಕೂ ಮುಂದಿನದಕ್ಕೂ ನಡುವೆ ಎಷ್ಟು ಹೊತ್ತು ಅಂತ ಹಿಡಿದರೆ ಇನ್ನೊಂದು ಲೆಕ್ಕ ಸಿಗುತ್ತದೆ. ನಾಡಿ ನಿಮಿಷಕ್ಕೆ 60 ಅಂದಮಾತ್ರಕ್ಕೆ ಬಡಿತಗಳು ಸರಿಯಾಗಿ ಸೆಕೆಂಡಿಗೊಂದರಂತೆ ಬೀಳುವುದಿಲ್ಲ. ಒಂದು 950 ಮಿಲಿಸೆಕೆಂಡಿಗೆ ಬಿದ್ದರೆ ಮುಂದಿನದು 1,040ಕ್ಕೆ. ಉಸಿರು ಎಳೆದುಕೊಂಡಾಗ ಸ್ವಲ್ಪ ಬೇಗ, ಬಿಟ್ಟಾಗ ಸ್ವಲ್ಪ ನಿಧಾನ. ಮೈ ಆರಾಮಾಗಿದ್ದರೆ ಸಾಮಾನ್ಯವಾಗಿ ಈ ಫರಕು ಜಾಸ್ತಿ, ಒತ್ತಡದಲ್ಲಿದ್ದರೆ ಕಮ್ಮಿ. ಇದನ್ನೇ ಎಚ್‌ಆರ್‌ವಿ (ಹಾರ್ಟ್ ರೇಟ್ ವೇರಿಯಬಿಲಿಟಿ) ಅನ್ನುತ್ತಾರೆ. ಒತ್ತಡದ ಅಂಕ ಬರುವುದು ಮುಖ್ಯವಾಗಿ ಇದರಿಂದಲೇ.

ಇದಕ್ಕೆ ಕನ್ನಡದಲ್ಲಿ ಏನನ್ನೋಣ? ಹೊಳೆಯುವ ಪದಗಳೆಲ್ಲ ಕೆಟ್ಟ ಸುದ್ದಿಯಂತೆ ಕೇಳುತ್ತವೆ. ‘ಏರುಪೇರು’ ಅಂದರೆ ‘ಆರೋಗ್ಯದಲ್ಲಿ ಏರುಪೇರು’, ಆಸ್ಪತ್ರೆಗೆ ಓಡಬೇಕು. ‘ವ್ಯತ್ಯಯ’ ಅಂದರೆ ನಾಳೆ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇರುವುದಿಲ್ಲ ಅಂತ. ‘ಹೆಚ್ಚುಕಮ್ಮಿ’ ಅಂದರೋ, ‘ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರು ಜವಾಬ್ದಾರಿ?’ ಕೊನೆಗೆ ಪಾಪದ ‘ವ್ಯತ್ಯಾಸ’ವನ್ನೂ ನಾವು ಬಿಟ್ಟಿಲ್ಲ, ‘ಊಟದಲ್ಲಿ ಸ್ವಲ್ಪ ವ್ಯತ್ಯಾಸ ಆಯ್ತು’ ಅಂದರೆ ಹೊಟ್ಟೆ ಕೆಟ್ಟಿದೆ ಎಂದೇ ಅರ್ಥ. ಒಂದೇ ಸಮ ಇರುವುದು ಒಳ್ಳೆಯದು, ಅತ್ತಿತ್ತ ಆದರೆ ಕೆಡುಕು ಅಂತ ಭಾಷೆ ಮೊದಲೇ ತೀರ್ಮಾನ ಮಾಡಿಬಿಟ್ಟಿದೆ. ಇಲ್ಲಿ ಅದರ ಉಲ್ಟಾ ಹೇಳಬೇಕು. ಜೊತೆಗೆ ನಿಜವಾಗಿಯೂ ಕೆಟ್ಟದ್ದೊಂದು ಇದೆ, ಹೃದಯ ತಾಳ ತಪ್ಪಿ ಬಡಿಯುವುದು. ಕೆಲವು ವಾಚುಗಳು ಅದನ್ನೂ ಎಚ್ಚರಿಸುತ್ತವೆ. ಇವೆರಡಕ್ಕೂ ಒಂದೇ ಪದ ಬಿದ್ದರೆ ಕೈಪಿಡಿಯನ್ನು ಒಲೆಗೆ ಹಾಕಬೇಕಾದೀತು. ನಾನು ಸದ್ಯಕ್ಕೆ ‘ಬಡಿತದ ಬಿಡುವು’ ಅಂತ ಬರೆದುಕೊಂಡಿದ್ದೇನೆ. ‘ಬಿಡುವು ಬದಲಾಗುತ್ತಾ ಇರಬೇಕು, ಒಂದೇ ಸಮ ಆಗಬಾರದು’ ಅಂತ ವಿವರಿಸಬಹುದು. ಇದು ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಇನ್ನು ಕ್ರಿಯಾಪದ. ಜಾಹೀರಾತುಗಳಲ್ಲಿ ವಾಚು ಎಲ್ಲವನ್ನೂ ‘ಅಳೆಯುತ್ತದೆ’, ಇಲ್ಲವೇ ‘ಮೇಲ್ವಿಚಾರಣೆ ಮಾಡುತ್ತದೆ’. ಮೇಲ್ವಿಚಾರಣೆಗೆ ಅದೇನು ಹಾಸ್ಟೆಲ್ ವಾರ್ಡನ್ನೇ? ‘ನಿಗಾ ಇಡು’ ಇರುವಾಗ ಇದ್ಯಾಕೆ ಬೇಕು? ‘ಅಳೆ’ ಮಾತ್ರ ನನಗೆ ನಿಜವಾದ ತಲೆನೋವು. ನಾವು ಆಡುವಾಗ ಹೆಜ್ಜೆ ಎಣಿಸುತ್ತೇವೆ, ಜ್ವರ ನೋಡುತ್ತೇವೆ, ಬಿಪಿ ನೋಡಿಸುತ್ತೇವೆ, ಇಸಿಜಿ ತೆಗೆಸುತ್ತೇವೆ. ವಾಚಿನ ಇಸಿಜಿ ಹೃದಯದ ವಿದ್ಯುತ್ತನ್ನು ನಿಜವಾಗಿಯೂ ಅಳೆಯುತ್ತದೆ, ಆಸ್ಪತ್ರೆಯ 12 ಲೀಡಿನ (ಲೀಡ್ ಅಂದರೆ ಹೃದಯವನ್ನು ನೋಡುವ ಒಂದು ಕೋನ) ಬದಲು ಒಂದೇ ಲೀಡಿನಲ್ಲಿ. ಆದರೆ ಹಸಿರು ದೀಪದ ವಾಚು ಬಿಪಿಯನ್ನು ಅಳೆಯುವುದಿಲ್ಲ, ಬೆಳಕಿನ ಅಲೆ ನೋಡಿ ಅಂದಾಜು ಮಾಡುತ್ತದೆ. ಸ್ಯಾಮ್‌ಸಂಗ್ ವಾಚಿನಲ್ಲಿ ಬಿಪಿ ನೋಡಬೇಕಾದರೆ, ತೋಳಿಗೆ ಪಟ್ಟಿ ಕಟ್ಟುವ ಮಾಮೂಲಿ ಯಂತ್ರದ ಜೊತೆ 28 ದಿನಕ್ಕೊಮ್ಮೆ ತಾಳೆ ಹಾಕಲೇಬೇಕು. (ಈ ‘ತಾಳೆ ಹಾಕು’ ಇರುವಾಗ ‘ಮಾಪನಾಂಕ ನಿರ್ಣಯ’ ಅಂತ ಬರೆಯುವವರಿಗೆ ಏನು ಹೇಳೋಣ!) ನಿದ್ದೆಯದ್ದೂ ಅಂದಾಜೇ. ಶುಗರ್ ವಿಷಯಕ್ಕಂತೂ ‘ಅಳೆ’ ಹಾಕಲೇಬಾರದು. ಸೂಜಿ ಚುಚ್ಚದೆ ತಾನಾಗಿಯೇ ಶುಗರ್ ಹೇಳುವ ಯಾವ ವಾಚಿಗೂ ಉಂಗುರಕ್ಕೂ ಒಪ್ಪಿಗೆ ಕೊಟ್ಟಿಲ್ಲ, ನಂಬಬೇಡಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿದೆ.

ಹಾಗಾಗಿ ಇಸಿಜಿಗೆ ‘ತೆಗೆ’, ನಾಡಿಗೆ ‘ಎಣಿಸು’, ಉಳಿದದ್ದಕ್ಕೆಲ್ಲ ‘ಅಂದಾಜು ಹೇಳು’ ಅಂತ ಬರೆಯುವ ಯೋಚನೆ ಇದೆ. ‘ಅಂದಾಜು’ ಅಂದರೆ ಜನ ಪೂರ್ತಿ ಬೋಗಸ್ ಅಂದುಕೊಳ್ಳುತ್ತಾರೆ, ದಿನದಿನದ ಏರಿಳಿತ ನೋಡಲು ಅದೂ ಉಪಯೋಗಕ್ಕೆ ಬರುತ್ತದೆ ಅಂತ ಒಬ್ಬ ಡಾಕ್ಟರ್ ಗೆಳೆಯರು ತಕರಾರು ಎತ್ತಿದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. ಆದರೂ ‘ಅಳೆ’ಗಿಂತ ಇದೇ ವಾಸಿ ಅನ್ನುವುದು ನನ್ನ ಪಟ್ಟು.

ಸೆನ್ಸರ್ ಎಲ್ಲಿದೆ ಅಂತ ಹೇಳುವುದೂ ಕಷ್ಟವೇ. ‘ಪರದೆಯ ಕೆಳಗಿನ ಸೆನ್ಸರ್’ ಎಂದು ಬರೆದರೆ ಅದು ಗಾಜಿನ ಅಡಿಯಲ್ಲಿದೆಯೋ, ಫೋನಿನ ಕೆಳತುದಿಯಲ್ಲಿದೆಯೋ ತಿಳಿಯುವುದಿಲ್ಲ. 2014ರ ಗ್ಯಾಲಕ್ಸಿ ಎಸ್5ರಲ್ಲಿ ನಾಡಿ ನೋಡುವ ಸೆನ್ಸರ್ ಹಿಂಬದಿಯಲ್ಲಿ, ಕ್ಯಾಮೆರಾ ಹತ್ತಿರ ಇತ್ತು, ಅಲ್ಲಿ ಈ ತಾಪತ್ರಯವೇ ಇರಲಿಲ್ಲ. ಈಗ ‘ಪರದೆಯಡಿ’ ಮತ್ತು ‘ಪರದೆಯೊಳಗೆ’ ಅಂತ ಬೇರೆ ಬೇರೆ ಬರೆಯುತ್ತಿದ್ದೇನೆ.

ಕೊನೆಯದಾಗಿ, ನಾಡಿ ಹಿಡಿದು ನೋಡುವ ಪಂಡಿತರ ಮನೆತನದವರು, ಅವರ ಮಾತು ಕೇಳಿ ಬೆಳೆದವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಎರಡು ಬಡಿತದ ನಡುವಿನ ಹೊತ್ತಿಗೆ ಅವರು ಏನಾದರೂ ಹೆಸರು ಹೇಳುತ್ತಿದ್ದರಾ ಅಂತ ನೆನಪು ಮಾಡಿಕೊಂಡು ಬರೆಯಿರಿ. ಸಂಸ್ಕೃತದ್ದು ಬೇಡ, ಮನೆಯಲ್ಲಿ ಆಡುತ್ತಿದ್ದದ್ದು.